ಪರಳಿ ಎಂಬ ಹಡಗು, ಪರಳಿ ಎಂಬ ದ್ವೀಪ: ಲಕ್ಷದ್ವೀಪದ ಆಡಳಿತಾಧಿಕಾರಿಗಳಿಗೆ ಮಂಗಳೂರು ಬಂದರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಆಡಳಿತಾಧಿಕಾರಿಗಳೇ,

ಕವರತ್ತಿಯ ಕಚೇರಿಗೆ ಕನ್ನಡದಲ್ಲಿ ಕಾಗದ ಬಂದದ್ದು ಕಂಡು ನಿಮ್ಮ ಗುಮಾಸ್ತರು ಹುಬ್ಬೇರಿಸಬಹುದು. ಆದರೆ ನಿಮ್ಮ ಆಡಳಿತದ ಹಳೆಯ ಚರಿತ್ರೆಯ ಒಂದು ಪಾಲು ಇಲ್ಲಿ ಮಂಗಳೂರಿನಲ್ಲೇ ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು ಟಿಪ್ಪುವಿನ ಕೈಗೆ ಬಂದದ್ದು 1780ರ ದಶಕದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಂದ ಮುಂದೆ, 1956ರ ಅಕ್ಟೋಬರ್ ಮುಗಿಯುವ ತನಕ, ಆ ದ್ವೀಪಗಳ ಆಡಳಿತ ನಡೆದದ್ದು ಮಂಗಳೂರಿನಿಂದ. ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅವು ಕೇಂದ್ರದ ಆಡಳಿತಕ್ಕೆ ಹೋದವು. ಪ್ರತಿ ವರ್ಷ ಅದೇ ದಿನ ನಾವು ರಾಜ್ಯೋತ್ಸವದ ಬಾವುಟ ಹಾರಿಸುತ್ತೇವೆ. ಜಿಲ್ಲೆಯ ಐದು ದ್ವೀಪಗಳು ಅವತ್ತೇ ಬೇರೆಯಾದವು ಎಂಬುದು ಇಲ್ಲಿ ಎಷ್ಟು ಜನಕ್ಕೆ ಗೊತ್ತೋ, ನಾನು ಕಾಣೆ.

ನನ್ನ ಅಜ್ಜನಿಗೆ ಬಂದರಿನಲ್ಲಿ ಒಂದು ದಿನಸಿ ಅಂಗಡಿ ಇತ್ತು. ಮಳೆಗಾಲ ಕಳೆದು ಕಡಲು ತಣ್ಣಗಾಯಿತೆಂದರೆ ದ್ವೀಪದ ಮಂಜಿಗಳು (ಸರಕು ದೋಣಿಗಳು) ಗುರುಪುರ ಹೊಳೆಯ ಬಾಯಿಯಿಂದ ಒಳಗೆ ಬಂದು ದಕ್ಕೆಗೆ ತಾಗುತ್ತಿದ್ದವು. ಅವರು ತಂದದ್ದು ಕೊಬ್ಬರಿ, ತೆಂಗಿನ ನಾರಿನ ಹುರಿ, ಕಲ್ಲಿನಂತೆ ಒಣಗಿದ ಕೇದರ್ (ಟ್ಯೂನ) ಮೀನಿನ ತುಂಡು. ಒಯ್ದದ್ದು ಅಕ್ಕಿ, ಉಪ್ಪು, ಹೆಂಚು, ಸೀಮೆಎಣ್ಣೆ. ಅಜ್ಜನಿಗೆ ಅವರ ಜೆಸರಿ ಮಾತು ಅರ್ಧ ತಿಳಿಯುತ್ತಿತ್ತು, ಅವರಿಗೆ ಬ್ಯಾರಿ ಭಾಷೆ ಮುಕ್ಕಾಲು. ಲೆಕ್ಕ ಮಾತ್ರ ಇಬ್ಬರಿಗೂ ಪೂರ್ತಿ ತಿಳಿಯುತ್ತಿತ್ತು. ಆ ಕಾಲದಲ್ಲಿ ಯಾರೋ ಅಜ್ಜನಿಗೆ ಪ್ರೀತಿಯಿಂದ ಒಂದು ಬಿಳಿ ಹವಳದ ತುಂಡು ಕೊಟ್ಟಿದ್ದರು. ಅಂಗೈಯಷ್ಟು ಅಗಲ, ಹೂಕೋಸಿನ ಹಾಗೆ ಕವಲು. ಅದು ಈಗಲೂ ನಮ್ಮ ಮನೆಯ ಶೋಕೇಸಿನಲ್ಲಿ ಕೂತಿದೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

2024ರ ಮೇ ತಿಂಗಳ ಮೊದಲ ವಾರ ಇದೇ ಹಳೆ ಬಂದರಿಗೆ ನಿಮ್ಮ ಕಡೆಯಿಂದ ಒಂದು ವೇಗದ ಹಡಗು ಬಂತು. ಸುಮಾರು 160 ಪ್ರಯಾಣಿಕರು. ಮೊದಲಿನ ಹಡಗುಗಳು ತೆಗೆದುಕೊಳ್ಳುತ್ತಿದ್ದ ಹೊತ್ತಿನ ಅರ್ಧದಲ್ಲಿ ಅದು ಕಡಲು ದಾಟಿತ್ತು. ಇಲ್ಲಿ ಹೂಗುಚ್ಛ ಕೊಟ್ಟರು, ಫೋಟೋ ತೆಗೆದರು, ಮಂಗಳೂರು–ಲಕ್ಷದ್ವೀಪ ಪ್ರವಾಸೋದ್ಯಮಕ್ಕೆ ಇನ್ನು ರೆಕ್ಕೆ ಬಂತೆಂದು ಭಾಷಣ ಮಾಡಿದರು. ಹಡಗಿನ ಹೆಸರು ‘ಪರಳಿ’.

ಹೆಸರು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಪರಳಿ ಎಂದರೆ ಬಳೆಯಾಕಾರದ ಹವಳದ ದಿಬ್ಬವಾದ ಬಂಗಾರಂ ಅಟಾಲ್‌ನ ಸಣ್ಣ ದ್ವೀಪಗಳ ಹೆಸರು. ಪರಳಿ ಒಂದು, ಎರಡು, ಮೂರು ಎಂದು ನಕ್ಷೆಯಲ್ಲಿ ಬರೆಯುತ್ತಾರೆ. ಅದರಲ್ಲಿ ಪರಳಿ ಒಂದು ಈಗ ಇಲ್ಲ. ಕಲ್ಲಿಕೋಟೆ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಯಿಂದ 2017ರಲ್ಲಿ ಇದು ಸುದ್ದಿಯಾಯಿತು: 1968ರಲ್ಲಿ 0.032 ಚದರ ಕಿಲೋಮೀಟರ್ ಇದ್ದ ಆ ದ್ವೀಪ ಪೂರ್ತಿ ಕೊರೆದು ಹೋಗಿದೆ, ಪರಳಿ ಎರಡರಲ್ಲಿ ಶೇ 80ರಷ್ಟು ನೆಲ ಹೋಗಿದೆ. ಅಲ್ಲಿ ಜನವಸತಿ ಇರಲಿಲ್ಲ, ಹಾಗಾಗಿ ಯಾರೂ ಅಳಲಿಲ್ಲ. ಮುಳುಗಿದ ದ್ವೀಪದ ಹೆಸರು ಹೊತ್ತ ಹಡಗಿಗೆ ನಾವು ಹೂಗುಚ್ಛ ಕೊಟ್ಟೆವು.

ಅದೇ ಮೇ ತಿಂಗಳಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇನ್ನೊಂದು ಸುದ್ದಿ ಕೊಟ್ಟಿತು. 2023ರ ಅಕ್ಟೋಬರ್ ಕೊನೆಯಿಂದ ಲಕ್ಷದ್ವೀಪದ ಸುತ್ತ ಕಡಲು ಬೆಂದು ಬಿಸಿಯಾಗಿದೆ, ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳುಚಿಕೊಂಡಿವೆ ಎಂದು. ಹಡಗಿನ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಫೋಟೋ ಸಮೇತ ಬಂತು. ಹವಳದ್ದು ಒಳಪುಟದಲ್ಲಿ ನಾಲ್ಕು ಸಾಲು.

ಈ ಪತ್ರ ಆ ನಾಲ್ಕು ಸಾಲಿನ ಬಗ್ಗೆ.

ಹವಳ ಅಂದರೆ ನಮ್ಮವರಿಗೆ ಮೊದಲು ಕಾಣುವುದು ಕರಿಮಣಿ ಸರದ ನಡುವಿನ ಕೆಂಪು ಮಣಿ, ಇಲ್ಲವೇ ಕುಜದೋಷಕ್ಕೆ ಜೋಯಿಸರು ಹೇಳುವ ಉಂಗುರದ ಹರಳು. ಆ ಕೆಂಪು ಹವಳ ಹೆಚ್ಚಾಗಿ ದೂರದ ಮೆಡಿಟರೇನಿಯನ್ ಕಡಲಿನದು, ಆಳದಲ್ಲಿ ಬೆಳೆಯುವಂಥದು. ದ್ವೀಪ ಕಟ್ಟುವ ಜಾತಿಯಲ್ಲ. ದ್ವೀಪ ಕಟ್ಟುವ ಹವಳಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಶಾಲೆಯಲ್ಲಿ ನಮಗೆ ‘ಹವಳದ ಬಂಡೆ’ ಎಂದು ಕಲಿಸಿದರು. ಬಂಡೆ ಎಂದ ಮೇಲೆ ಕಲ್ಲು, ಕಲ್ಲಿಗೆ ಏನಾಗುತ್ತದೆ? ಈ ಒಂದು ಪದ ಮಾಡಿದ ಹಾನಿ ಸಣ್ಣದಲ್ಲ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಅದು ಪ್ರಾಣಿ. ಸಾಸಿವೆಯಷ್ಟೋ ಗುಂಡುಸೂಜಿಯ ತಲೆಯಷ್ಟೋ ಇರುವ, ಬಾಯಿ ಸುತ್ತ ಎಳೆಗಳಿರುವ ಜೀವ. ಲಕ್ಷಗಟ್ಟಲೆ ಒಟ್ಟಿಗೆ ಅಂಟಿಕೊಂಡು, ನೀರಿನಲ್ಲಿರುವ ಸುಣ್ಣವನ್ನು ಹೀರಿ, ತನ್ನ ಕಾಲಡಿಗೆ ತಾನೇ ಮನೆ ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ. ಬಿಸಿಲಿನಲ್ಲಿ ಆ ಪಾಚಿ ಅಡುಗೆ ಮಾಡುತ್ತದೆ, ಹವಳಕ್ಕೆ ಬೇಕಾದ ಆಹಾರದಲ್ಲಿ ಶೇ 90ರ ತನಕ ಅಲ್ಲಿಂದಲೇ ಬರುತ್ತದೆ. ಬಣ್ಣವೂ ಹೆಚ್ಚಾಗಿ ಆ ಪಾಚಿಯದೇ. ಕಡಲಿನ ಬಿಸಿ ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಈ ಸಂಸಾರ ಒಡೆಯುತ್ತದೆ. ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ, ಬಿಳುಚುತ್ತದೆ. ಅದು ಸಾವಲ್ಲ, ಉಪವಾಸ. ನೀರು ಬೇಗ ತಣ್ಣಗಾದರೆ ಪಾಚಿ ಮರಳಿ ಬರುತ್ತದೆ. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ, ಅಸ್ಥಿಪಂಜರದ ಮೇಲೆ ಬೇರೆ ಪಾಚಿ ಹಸುರಾಗಿ ಕೂರುತ್ತದೆ.

ಇನ್ನು ನಿಮ್ಮ ದ್ವೀಪಗಳ ಬುಡದ ಕತೆ. ವಿಜಯಪುರ, ಬೆಳಗಾವಿಯ ಕಡೆಯವರು ಕಪ್ಪು ಕಲ್ಲಿನ ಮೇಲೆ ಮನೆ ಕಟ್ಟುತ್ತಾರಲ್ಲ, ಸುಮಾರು 6.6 ಕೋಟಿ ವರ್ಷದ ಹಿಂದೆ ಆ ಲಾವಾ ಉಕ್ಕಿಸಿದ ಭೂಗರ್ಭದ ಬಿಸಿಚುಕ್ಕೆಯೇ, ಭಾರತ ಉತ್ತರಕ್ಕೆ ಸರಿದ ಹಾಗೆಲ್ಲ, ಅರಬ್ಬಿ ಕಡಲಿನ ತಳದಲ್ಲಿ ದಕ್ಷಿಣದ ತನಕ ಒಂದು ಏಣಿನ ಹಾಗೆ ಬೆಟ್ಟಸಾಲು ಬಿಟ್ಟುಹೋಯಿತು. ಲಕ್ಷದ್ವೀಪ, ಮಾಲ್ದೀವ್ಸ್, ಚಾಗೋಸ್ ಮೂರೂ ಅದರ ನೆತ್ತಿಯ ಮೇಲಿವೆ. ಬೆಟ್ಟ ನಿಧಾನಕ್ಕೆ ಕುಸಿಯಿತು, ಹವಳ ಬೆಳಕಿಗಾಗಿ ಮೇಲೆ ಮೇಲೆ ಕಟ್ಟುತ್ತ ಬಂತು. ಬೆಟ್ಟ ಮುಳುಗಿ ಹೋಯಿತು, ಹವಳದ ಬಳೆ ಉಳಿಯಿತು. ಬಳೆಯ ಒಳಗೆ ತಿಳಿನೀರಿನ ಲಗೂನು, ಬಳೆಯ ಮೇಲೆ ಅಲ್ಲಲ್ಲಿ ಮರಳಿನ ಗುಪ್ಪೆ, ಗುಪ್ಪೆಯ ಮೇಲೆ ತೆಂಗು, ತೆಂಗಿನ ಕೆಳಗೆ ಮನುಷ್ಯ. ಗೋಲ್‌ಗುಂಬಜಿನ ಕಪ್ಪು ಕಲ್ಲಿಗೂ ಅಗತ್ತಿಯ ಬಿಳಿ ಮರಳಿಗೂ ಒಬ್ಬಳೇ ಸೂಲಗಿತ್ತಿ ಎಂದರೆ ಅದು ಬರೀ ಅಲಂಕಾರದ ಮಾತಲ್ಲ.

ಆ ಮರಳೂ ಹವಳದ್ದೇ. ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳವನ್ನು ಕೆರೆದು ಪಾಚಿ ತಿನ್ನುತ್ತದೆ, ಸುಣ್ಣವನ್ನು ನುಣ್ಣಗೆ ಅರೆದು ಹಿಂದಿನಿಂದ ಬಿಡುತ್ತದೆ. ಮಾಲ್ದೀವ್ಸ್‌ನ ವಕ್ಕಾರು ದ್ವೀಪದಲ್ಲಿ ಅಳೆದು ನೋಡಿದಾಗ, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ 85ಕ್ಕಿಂತ ಹೆಚ್ಚು ಗಿಳಿಮೀನಿನದ್ದೇ ಎಂದು ತಿಳಿಯಿತು. ಪ್ರವಾಸಿ ಜಾಹೀರಾತಿನಲ್ಲಿ ಹೊಸ ಜೋಡಿ ಬರಿಗಾಲಿನಲ್ಲಿ ಓಡುವ ಹಾಲುಬಿಳುಪಿನ ಮರಳು ಎಲ್ಲಿಂದ ಬಂತೆಂದು ಜಾಹೀರಾತು ಹೇಳುವುದಿಲ್ಲ. ಹೇಳಿದರೆ ಬುಕಿಂಗ್ ಕಡಿಮೆಯಾದೀತು.

ತಮಾಷೆ ಸಾಕು. ನಿಮ್ಮಲ್ಲಿರುವ 36 ದ್ವೀಪಗಳ ನೆಲ ಒಟ್ಟು ಸೇರಿ 32 ಚದರ ಕಿಲೋಮೀಟರ್, ಅಂದರೆ ನಮ್ಮ ಮಂಗಳೂರು ಮಹಾನಗರ ಪಾಲಿಕೆಯ ಕಾಲು ಭಾಗ. ಜನ ಇರುವುದು ಹತ್ತರಲ್ಲಿ. 2011ರ ಜನಗಣತಿಯಂತೆ 64,473 ಮಂದಿ. ನೆಲ ಕಡಲಮಟ್ಟದಿಂದ ಒಂದೆರಡು ಮೀಟರ್ ಎತ್ತರ. ಬಾವಿಯ ಸಿಹಿನೀರು ಎಂದರೆ ಮಳೆಯ ನೀರು ಮರಳಿನಲ್ಲಿ ಇಳಿದು, ಉಪ್ಪುನೀರಿನ ಮೇಲೆ ಕೆನೆಯ ಹಾಗೆ ತೇಲುವ ಒಂದು ತೆಳು ಪದರ. ಈ ನೆಲಕ್ಕೂ ತೆರೆಗೂ ನಡುವೆ ನಿಂತಿರುವುದು ಹವಳದ ದಿಬ್ಬ ಒಂದೇ. ಲೋಕದ ಬೇರೆ ಬೇರೆ ಕಡೆ ಅಳೆದ ಲೆಕ್ಕ ಒಟ್ಟುಮಾಡಿದಾಗ, ಜೀವಂತ ದಿಬ್ಬ ತೆರೆಯ ಬಲವನ್ನು ಸರಾಸರಿ ಶೇ 97ರಷ್ಟು ಮುರಿಯುತ್ತದೆ ಎಂದು ಕಂಡಿದೆ. ದಿಬ್ಬ ಸತ್ತ ದಿನವೇ ಗೋಡೆ ಬೀಳುವುದಿಲ್ಲ, ನಿಜ. ಕೊರೆಯುವ ಹುಳ, ತೆರೆ, ಗಾಳಿ ಸೇರಿ ವರ್ಷವರ್ಷವೂ ಸ್ವಲ್ಪ ಸವೆಸುತ್ತವೆ. ಕಟ್ಟುವ ಮೇಸ್ತ್ರಿ ಸತ್ತಿದ್ದಾನೆ, ಕೆಡಹುವವರಿಗೆ ರಜೆ ಇಲ್ಲ.

ಇಲ್ಲಿ ನನ್ನ ಊರಿನ ಅನುಭವ ಸೇರಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಾವು ಫೀಸು ಕಟ್ಟಿ ಪಾಠ ಕಲಿತವರು. ನೇತ್ರಾವತಿಯ ಆಚೆ ದಡದ ಉಳ್ಳಾಲದಲ್ಲಿ, ಸೋಮೇಶ್ವರದಲ್ಲಿ ಕಡಲ್ಕೊರೆತ ವರ್ಷವೂ ಇದ್ದದ್ದೇ. ಮಳೆಗಾಲ ಬಂದರೆ ಸಚಿವರು ಕೊಡೆ ಹಿಡಿದು ನೋಡಿ ಹೋಗುತ್ತಾರೆ, ಲಾರಿಗಳು ಕಲ್ಲು ಸುರಿಯುತ್ತವೆ, ಮುಂದಿನ ವರ್ಷ ಕಡಲು ಆ ಕಲ್ಲನ್ನು ನುಂಗುತ್ತದೆ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ನಿಮ್ಮ ದ್ವೀಪಗಳ ಹತ್ತಿರ ಹುಟ್ಟಿ ನಮ್ಮ ದಡದ ಮನೆಗಳನ್ನು ಕೆಡವುತ್ತ ಉತ್ತರಕ್ಕೆ ಹೋಯಿತು. ಕಲ್ಲಿನಿಂದ ಆಗದು ಎಂದು ತಿಳಿದ ಮೇಲೆ, ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಎದುರು ಕಡಲಿನೊಳಗೆ ದೊಡ್ಡ ದೊಡ್ಡ ಚೀಲಗಳಿಗೆ ಮರಳು ತುಂಬಿ ಕೃತಕ ರೀಫ್, ಅಂದರೆ ದಿಬ್ಬ, ಮಾಡಿದರು. ಹೌದು, ಯೋಜನೆಯ ಕಾಗದದಲ್ಲಿ ಅದರ ಹೆಸರು ‘ರೀಫ್’ ಎಂದೇ. ತೆರೆಯನ್ನು ದಡಕ್ಕೆ ಬರುವ ಮೊದಲೇ ಮುರಿಯಬೇಕು ಎಂಬ ಜ್ಞಾನ ನಮಗೆ ಸಾಲ ಮಾಡಿದ ಮೇಲೆ ಬಂತು. ನಿಮ್ಮಲ್ಲಿ ಆ ಕೆಲಸವನ್ನು ಸಾಸಿವೆ ಗಾತ್ರದ ಜೀವ ಸಾವಿರಾರು ವರ್ಷದಿಂದ ಸಂಬಳವಿಲ್ಲದೆ ಮಾಡುತ್ತಿದೆ, ರಿಪೇರಿಯನ್ನೂ ಅದೇ ಮಾಡಿಕೊಳ್ಳುತ್ತದೆ. ಅದನ್ನು ಕಳೆದುಕೊಂಡು ಚೀಲಕ್ಕೆ ಮರಳು ತುಂಬಲು ಹೊರಟರೆ, ಆ ಮರಳನ್ನೂ ಮಂಗಳೂರಿನಿಂದಲೇ ಮಂಜಿಯಲ್ಲಿ ತರಬೇಕಾದೀತು. ನಮ್ಮ ಹೊಳೆಗಳಲ್ಲಿ ಈಗ ನಮಗೇ ಮರಳಿಲ್ಲ ಮಾರಾಯ್ರೆ.

1998ರಲ್ಲಿ ಎಲ್ ನಿನೊ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಕಡಲು ಬಿಸಿಯೇರುವ ವಿದ್ಯಮಾನ) ಬಂದು ನಿಮ್ಮ ಹವಳ ಬಿಳುಚಿ ಸತ್ತಿತು. ಮತ್ತೆ 2010, ಮತ್ತೆ 2016, ಮತ್ತೆ 2024. ಮೊದಲ ಎರಡರ ನಡುವೆ ಹನ್ನೆರಡು ವರ್ಷದ ಬಿಡುವಿತ್ತು. ಆಮೇಲೆ ಆರು, ಆಮೇಲೆ ಎಂಟು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ವಿಜ್ಞಾನಿಗಳು 1998ರಿಂದ ನಿಮ್ಮ ನೀರಿಗೆ ಇಳಿದು ಲೆಕ್ಕ ಇಡುತ್ತ ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿಯ 24 ವರ್ಷದ ಅವರ ಲೆಕ್ಕ ಹೇಳುವುದು ಇಷ್ಟು: ಜೀವಂತ ಹವಳದ ಹೊದಿಕೆ ಸುಮಾರು ಶೇ 37 ಇದ್ದದ್ದು 2022ರ ಹೊತ್ತಿಗೆ ಶೇ 19ರ ಆಸುಪಾಸಿಗೆ ಇಳಿದಿತ್ತು. ಅರ್ಧ. 2024ರ ಬಿಸಿ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ನೀವು ಹೇಳಬಹುದು: ಕಡಲು ಬಿಸಿಯಾಗುವುದು ಕವರತ್ತಿಯ ಆದೇಶದಿಂದಲ್ಲ. ನಿಜ. 2023ರಿಂದ ನಡೆದ ನಾಲ್ಕನೆಯ ಜಾಗತಿಕ ಬಿಳುಚುವಿಕೆಯಲ್ಲಿ ಲೋಕದ ಹವಳ ಪ್ರದೇಶದ ಶೇ 84ಕ್ಕೆ ಬಿಸಿ ತಟ್ಟಿದೆ. ಆ ಹೊಗೆಯಲ್ಲಿ ನಮ್ಮ ಕರಾವಳಿಯ ಪಾಲೂ ಇದೆ. ಇಲ್ಲೇ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರವಿದೆ, ತೈಲ ಸಂಸ್ಕರಣಾಗಾರವಿದೆ, ನನ್ನ ಮನೆಯಲ್ಲಿ ಎರಡು ಎಸಿ ಇದೆ. ಆದ್ದರಿಂದ ಬಿಸಿಗೆ ನಿಮ್ಮನ್ನು ದೂರುವುದಿಲ್ಲ. ನನ್ನ ತಕರಾರು ಜ್ವರಕ್ಕಲ್ಲ, ಜ್ವರ ಬಂದವನ ತಲೆಯ ಮೇಲೆ ಹೊರೆ ಹೊರಿಸುವುದಕ್ಕೆ.

ಒಂದು ಉದಾಹರಣೆ ನಿಮ್ಮಲ್ಲೇ ಇದೆ. 1998ರ ಹೊಡೆತದಿಂದ ನಿಮ್ಮ ಹವಳ ಅನೇಕ ಕಡೆ ಚೇತರಿಸಿಕೊಂಡಿತು, ನೋಡಿದವರೇ ಬೆರಗಾಗುವಷ್ಟು. ಕಾರಣಗಳಲ್ಲಿ ಒಂದು ನಿಮ್ಮ ಮೀನುಗಾರರು. ಮಿನಿಕಾಯ್‌ನ ಜನ ತಲೆಮಾರುಗಳಿಂದ ಕೋಲು ಮತ್ತು ಗಾಳದಲ್ಲಿ ಹೊರಗಡಲಿನ ಕೇದರ್ ಹಿಡಿಯುವವರು. 1960ರ ದಶಕದಿಂದ ಸರ್ಕಾರವೇ ಆ ಪದ್ಧತಿಯನ್ನು ಉಳಿದ ದ್ವೀಪಗಳಿಗೂ ಕಲಿಸಿತು. ಒಂದೊಂದೇ ಮೀನು, ಬಲೆ ಇಲ್ಲ. ಇಡೀ ಸಮುದಾಯ ಹೊರಗಡಲಿನ ಕಡೆ ಮುಖ ಮಾಡಿದ್ದರಿಂದ ದಿಬ್ಬದ ಗಿಳಿಮೀನು, ಪಾಚಿ ಮೇಯುವ ಇತರ ಮೀನುಗಳು ಬಚಾವಾದವು. ಅವು ಸತ್ತ ಹವಳದ ಮೇಲಿನ ಪಾಚಿಯನ್ನು ಮೇಯ್ದು ಬೋಳು ಮಾಡಿದವು; ಬೋಳು ಜಾಗದಲ್ಲಿ ಹವಳದ ಮರಿ ಬಂದು ಕೂತಿತು. ಗದ್ದೆಯ ಕಳೆ ಕೀಳದೆ ನೇಜಿ ನೆಡುವುದು ಹೇಗೆ? ಅದೇ ಲೆಕ್ಕ. ಇನ್ನೊಂದು ಸಂಗತಿಯೂ ಇದೆ. ಕೇದರ್‌ಗೆ ಎರೆಯಾಗಿ ಎಸೆಯುವ ಜೀವಂತ ಸಣ್ಣ ಮೀನು ಸಿಗುವುದು ಲಗೂನಿನಲ್ಲಿ, ಹವಳದ ಸಂದಿಯಲ್ಲಿ. ಹವಳ ಹೋದರೆ ಎರೆ ಇಲ್ಲ, ಎರೆ ಇಲ್ಲದಿದ್ದರೆ ಕೋಲಿಗೆ ಕೆಲಸವಿಲ್ಲ, ಆಗ ಮೀನುಗಾರ ದಿಬ್ಬದ ಮೀನಿಗೇ ಕೈ ಹಾಕುತ್ತಾನೆ. ಈಗ ದಿಬ್ಬದ ಮೀನಿಗೆ ಹೊರಗಿನ ಪೇಟೆಯಲ್ಲಿ ಬೇಡಿಕೆ ಏರುತ್ತಿದೆ, ರೆಸಾರ್ಟಿನ ತಟ್ಟೆಗೂ ಅದೇ ಬೇಕು. ಗಿಳಿಮೀನನ್ನು ಪ್ರವಾಸಿಯ ತಟ್ಟೆಗೆ ಬಡಿಸುವುದೆಂದರೆ ದ್ವೀಪದ ಮರಳು ಮಾಡುವವನನ್ನೂ ಕಳೆ ಕೀಳುವವನನ್ನೂ ಒಟ್ಟಿಗೆ ಹುರಿದ ಹಾಗೆ. ಇದೊಂದನ್ನಾದರೂ ನೀವು ನಾಳೆಯೇ ನಿಲ್ಲಿಸಬಹುದು. ಇದಕ್ಕೆ ಹವಾಮಾನದ ಪ್ಯಾರಿಸ್ ಒಪ್ಪಂದ ಬೇಡ, ಒಂದು ಸುತ್ತೋಲೆ ಸಾಕು.

2021ರಲ್ಲಿ ಮಿನಿಕಾಯ್, ಸುಹೇಲಿ, ಕಡಮತ್ ದ್ವೀಪಗಳಲ್ಲಿ ಮಾಲ್ದೀವ್ಸ್ ಮಾದರಿಯ ನೀರಮೇಲಿನ ವಿಲ್ಲಾಗಳಿಗೆ ಟೆಂಡರ್ ಕರೆದರು. ಲಗೂನಿನಲ್ಲಿ ಕಂಬ ಹೂಳಬೇಕು. ಹೂಳುವಾಗ ಏಳುವ ಕೆಸರು ಹವಳದ ಬಾಯಿಗೆ ಹೋಗುತ್ತದೆ, ಬಿಸಿಲಿಗೆ ಅಡ್ಡ ಬರುತ್ತದೆ. ಕಟ್ಟಿದ ಮೇಲೆ ಕೆಳಗೆ ನೆರಳು, ಶೌಚದ ನೀರು, ಅದನ್ನು ತಿಂದು ಕೊಬ್ಬುವ ಪಾಚಿ. ಕಡಮತ್‌ನ ಹವಳ ಅರ್ಧ ಆಯಿತೆಂದು ಮೇಲೆ ಹೇಳಿದೆನಲ್ಲ, ಅದೇ ಕಡಮತ್. ಪ್ರವಾಸೋದ್ಯಮವೇ ಬೇಡ ಎಂದು ನಾನು ಹೇಳುವವನಲ್ಲ. ತೆಂಗು ಮತ್ತು ಮೀನಿನಲ್ಲೇ ಬದುಕಿ ಎಂದು ದ್ವೀಪದ ಹುಡುಗರಿಗೆ ಮಂಗಳೂರಿನಲ್ಲಿ ಕೂತು ಉಪದೇಶ ಮಾಡುವುದು ಸುಲಭ. ಆದರೆ ದಡದ ಮೇಲೆ ಕೋಣೆ ಕಟ್ಟಿದರೆ ಪ್ರವಾಸಿ ಬರುವುದಿಲ್ಲ, ನೀರಿನ ಮೇಲೆ ಕಟ್ಟಿದರೆ ಮಾತ್ರ ಬರುತ್ತಾನೆ ಎಂಬುದನ್ನು ನನಗೆ ಯಾರೂ ಇನ್ನೂ ಮನವರಿಕೆ ಮಾಡಿಲ್ಲ. ಅವನು ನೋಡಲು ಬರುವುದೇ ಹವಳವನ್ನು.

ಈ ಪ್ರಶ್ನೆಗೆ ಹೊಸ ಸಮಿತಿಯೂ ಬೇಡ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಸಮಿತಿ ಇದನ್ನೆಲ್ಲ ಕೂತು ನೋಡಿದೆ. ಅವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಗಳಾಗಿದ್ದವರು. ದ್ವೀಪಗಳ ಸಮಗ್ರ ನಿರ್ವಹಣಾ ಯೋಜನೆ ಹೇಗಿರಬೇಕು, ಅಭಿವೃದ್ಧಿಯ ಕೆಲಸಗಳನ್ನು ಅಲ್ಲಿನ ಚುನಾಯಿತ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿಯೇ ಮಾಡಬೇಕು ಎಂದು ಅವರು ಹೇಳಿದ್ದಾರೆ. ಆ ವರದಿ ನಿಮ್ಮ ಕಪಾಟಿನಲ್ಲೇ ಇರಬೇಕು. ಧೂಳು ಹೊಡೆದರೆ ಸಾಕು.

ಹವಳವನ್ನು ಕಿತ್ತು ಬೇರೆ ಕಡೆ ನೆಡುತ್ತೇವೆ ಎಂಬ ಮಾತನ್ನೂ ಯೋಜನಾ ವರದಿಗಳಲ್ಲಿ ಓದಿದ್ದೇನೆ. ರಸ್ತೆ ಅಗಲ ಮಾಡುವಾಗ ಆಲದ ಮರವನ್ನು ಕ್ರೇನಿನಲ್ಲಿ ಎತ್ತಿ ಬೇರೆಡೆ ನೆಟ್ಟು ಫೋಟೋ ತೆಗೆಸಿಕೊಳ್ಳುವ ಸಂಪ್ರದಾಯ ನಮ್ಮಲ್ಲೂ ಇದೆ. ಎರಡು ವರ್ಷದ ಮೇಲೆ ಆ ಮರವನ್ನು ನೋಡಲು ಯಾರೂ ಹೋಗುವುದಿಲ್ಲ. ಹವಳದ ಕಸಿ ಅಲ್ಲಲ್ಲಿ ಬದುಕಬಹುದು. ಆದರೆ ನೆಟ್ಟ ಹವಳಕ್ಕೂ ಹುಟ್ಟಿದ ಹವಳಕ್ಕೂ ಬಿಸಿ ಒಂದೇ; ಮುಂದಿನ ಎಲ್ ನಿನೊ ಬಂದಾಗ ಎರಡೂ ಬೇಯುತ್ತವೆ.

ಸುಣ್ಣಕ್ಕಾಗಿ ಹವಳ ಕಿತ್ತವರ ಗತಿ ಏನಾಯಿತೆಂಬುದಕ್ಕೆ ದೂರ ಹೋಗಬೇಕಿಲ್ಲ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ತೂತುಕುಡಿಯ ಸುತ್ತ ದಶಕಗಳ ಕಾಲ ಹವಳವನ್ನು ದೋಣಿಗಟ್ಟಲೆ ಅಗೆದರು, ಕಟ್ಟಡಕ್ಕೆ, ಸುಣ್ಣದ ಗೂಡಿಗೆ. ಅಲ್ಲಿದ್ದ 21 ದ್ವೀಪಗಳಲ್ಲಿ ಎರಡು, ಪೂವರಸನ್‌ಪಟ್ಟಿ ಮತ್ತು ವಿಲಾಂಗುಚಲ್ಲಿ, ನೀರಿನ ಕೆಳಗೆ ಹೋದವು.

ಈಗ ನನ್ನ ಕೋರಿಕೆ. ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮೊಟ್ಟೆ ಇಡುವ ಕಾಲ. ದಕ್ಕೆಯಲ್ಲಿ ಸಾವಿರಾರು ಜನಕ್ಕೆ ಎರಡು ತಿಂಗಳು ದುಡಿಮೆ ಇಲ್ಲ, ಗೊಣಗುತ್ತಾರೆ, ಆದರೂ ದೋಣಿ ಕಟ್ಟುತ್ತಾರೆ. ಆಗಸ್ಟಿನ ಬಲೆ ತುಂಬಬೇಕಾದರೆ ಈ ಬಿಡುವು ಬೇಕೆಂದು ಅವರಿಗೆ ಗೊತ್ತು. ಹವಳ ಬಿಳುಚಿದ ವರ್ಷಗಳಲ್ಲಿ ಅಂಥದೇ ಒಂದು ಬಿಡುವನ್ನು ನೀವು ಘೋಷಿಸಬೇಕು. ಬಾಣಂತಿಗೆ ಕೊಡುವ ಹಾಗೆ, ಮೈ ಕೂಡಿಬರುವ ತನಕ. ಆ ದಿಬ್ಬಗಳ ಮೇಲೆ ಡೈವಿಂಗ್ ಬೇಡ, ಹೂಳೆತ್ತುವುದು ಬೇಡ, ದಿಬ್ಬದ ಮೀನು ಹಿಡಿಯುವುದು ಬೇಡ. ಎಲ್ಲಿ ಎಷ್ಟು ದಿನ ಎಂಬುದನ್ನು ವಿಜ್ಞಾನಿಗಳೂ ದ್ವೀಪದ ಮೀನುಗಾರರೂ ಕೂತು ಹೇಳಲಿ. ಅದರಿಂದ ಆದಾಯ ಕಳೆದುಕೊಳ್ಳುವ ಹುಡುಗರಿಗೆ ಪರಿಹಾರ ಕೊಡಿ. ಮತ್ತು ಯಾವ ಕಾಲದಲ್ಲೂ ಯಾವ ದೋಣಿಯೂ ಹವಳದ ಮೇಲೆ ಲಂಗರು ಬಿಡಕೂಡದು. ತೇಲುವ ಬೋಯೆಗೆ ಹಗ್ಗ ಕಟ್ಟಲಿ. ಲಂಗರಿನ ಒಂದು ಎಳೆತಕ್ಕೆ ಮುರಿಯುವ ಗುಂಡು ತಲೆಯಂಥ ಹವಳ ನನ್ನ ಅಜ್ಜನಿಗಿಂತ ಹಿರಿಯದಾಗಿರಬಹುದು.

ಲಂಗರಿನ ಮಾತು ಬಂದಾಗ ನಮ್ಮ ಮನೆಯ ಅಂಗಳವನ್ನೂ ತೋರಿಸಬೇಕು. ಮುರ್ಡೇಶ್ವರದ ಎದುರು ನೇತ್ರಾಣಿ ಇದೆ, ನಮ್ಮ ಕರ್ನಾಟಕದ ಹವಳ. ನೌಕಾಪಡೆ ಅದನ್ನು ಗುಂಡಿನ ಗುರಿ ಕಲಿಯುವ ಜಾಗವಾಗಿ ಬಳಸಿತು. ಈಗ ಸ್ಕೂಬಾದವರ ಕಾಲ. ನಾನೂ ಒಮ್ಮೆ ಹೋದೆ. ನನ್ನನ್ನು ಕರೆದೊಯ್ದ ದೋಣಿ ನಿಲ್ಲಿಸಿದ ಕೂಡಲೇ ಹುಡುಗ ಕಬ್ಬಿಣದ ಲಂಗರನ್ನು ಎತ್ತಿ ಎಸೆದ. ಕೆಳಗೆ ಏನಿದೆ ಎಂದು ಕೇಳಿದೆ. ‘ಕಲ್ಲು ಸರ್’ ಎಂದ. ಹುಡುಗನದ್ದೇನು ತಪ್ಪು, ನಾವು ಪುಸ್ತಕದಲ್ಲಿ ಬಂಡೆ ಎಂದೇ ಬರೆದಿದ್ದೇವಲ್ಲ. ನಾಗಬನದ ಒಂದು ಬಳ್ಳಿ ಕೊಯ್ಯಲು ಅಂಜುವ ಊರು ನಮ್ಮದು (ಅಂಜುತ್ತಿದ್ದ ಊರು ಎನ್ನಬೇಕು, ಈಗ ಎಷ್ಟೋ ಬನಗಳು ಸಿಮೆಂಟಿನ ಕಟ್ಟೆಗಳಾಗಿವೆ). ಆ ಅಂಜಿಕೆ ನೀರಿನ ಕೆಳಗೆ ಇಳಿಯಲೇ ಇಲ್ಲ. ಆದ್ದರಿಂದ ಈ ಪತ್ರದ ಒಂದು ಪ್ರತಿ ಬೆಂಗಳೂರಿಗೂ ಹೋಗುತ್ತಿದೆ, ಪ್ರವಾಸೋದ್ಯಮ ಮತ್ತು ಬಂದರು ಇಲಾಖೆಗಳಿಗೆ. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕಾಗಿಯೇ ಕೇಂದ್ರದ ಬಂದರು ಅಭಿವೃದ್ಧಿ ಕಾರ್ಯಕ್ರಮವಾದ ಸಾಗರಮಾಲಾದಲ್ಲಿ ಬೇರೆ ಜೆಟ್ಟಿ ಮಾಡುವ ಯೋಜನೆ ಇದೆ. ಸಂತೋಷ. ಆ ಜೆಟ್ಟಿಯಿಂದ ವರ್ಷಕ್ಕೆ ಎಷ್ಟು ಪ್ರವಾಸಿಗಳನ್ನು, ಎಷ್ಟು ಸಿಮೆಂಟನ್ನು ಆಚೆ ದಡ ತಡೆದುಕೊಳ್ಳುತ್ತದೆ ಎಂದು ಕವರತ್ತಿಯವರನ್ನು ಕೇಳಿ ಗೊತ್ತುಮಾಡಿಕೊಂಡ ಮೇಲೆ ಟಿಕೇಟು ಮಾರಲಿ. ಮಂಜಿಯ ಕಾಲದಲ್ಲಿ ಕಡಲೇ ಆ ಲೆಕ್ಕ ಇಡುತ್ತಿತ್ತು, ಈಗ ಹಡಗಿಗೆ ವೇಗ ಬಂದಿದೆ.

ಕೊನೆಯದಾಗಿ ಶೋಕೇಸಿನ ಹವಳ. 2001ರಲ್ಲಿ ಕಲ್ಲುಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದರು. ಹುಲಿ ಇರುವ ಅನುಸೂಚಿ. ಅಂದರೆ ಕಾನೂನಿನ ಕಣ್ಣಿಗೆ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಹುಲಿಯ ಉಗುರಿಟ್ಟ ಹಾಗೆ. ಇದು ನನಗೆ ಗೊತ್ತಾದದ್ದು ಹೋದ ವರ್ಷ, ಮೊಮ್ಮಗಳ ಶಾಲೆಯ ಪ್ರಾಜೆಕ್ಟಿಗೆ ಓದುವಾಗ. ಅವಳು ಆ ತುಂಡನ್ನು ಭೂತಗನ್ನಡಿಯಲ್ಲಿ ನೋಡಿ, ಅದರ ಮೇಲಿನ ಸಣ್ಣ ಸಣ್ಣ ನಕ್ಷತ್ರದಂಥ ಕುಳಿಗಳನ್ನು ಎಣಿಸಲು ಕೂತಳು. ಒಂದೊಂದು ಕುಳಿ ಒಂದೊಂದು ಜೀವದ ಮನೆ. 412ರ ತನಕ ಎಣಿಸಿ ಊಟಕ್ಕೆ ಎದ್ದಳು. ತುಂಡು ಬಂದದ್ದು ಅಮಿನಿಯಿಂದ ಎಂದು ಅಜ್ಜ ಹೇಳುತ್ತಿದ್ದರು. ಅದನ್ನು ಇಲ್ಲಿನ ಅರಣ್ಯ ಇಲಾಖೆಗೆ ಒಪ್ಪಿಸಬೇಕೋ, ಅಥವಾ ಮುಂದಿನ ಹಡಗಿನಲ್ಲಿ ನಿಮಗೇ ಕಳಿಸಬಹುದೋ, ಉತ್ತರದಲ್ಲಿ ದಯವಿಟ್ಟು ತಿಳಿಸಿ.

ಇತಿ,
ಬಂದರಿನ ದಿನಸಿ ವ್ಯಾಪಾರಿಯ ಮೊಮ್ಮಗ
ಮಂಗಳೂರು